ಕರಡಿ ದೊಡ್ಡಯ್ಯನ ಹಸಿ ಸೋರೆಕಾಯಿ

ಕವಳೆಕಾಡಿನ ನಡುವೆ ಒಂದು ಹೊಂಡವಿತ್ತು. ಎಂಥ ಆಳದ ಹೊಂಡ ಗೊತ್ತೇ ಮಕ್ಕಳೇ? ಮೀಸೆ ಮೂಡುವ ವಯಸ್ಸಿನಲ್ಲಿ ನಾನು ಅದಕ್ಕೊಂದು ಕಲ್ಲು ಎಸೆದಿದ್ದೆ. ಈಗ ನನ್ನ ಮೀಸೆ ಬೆಳ್ಳಗಾಗಿದೆ, ಆ ಕಲ್ಲು ಇನ್ನೂ ತಳ ಮುಟ್ಟಿಲ್ಲ!

ಹೊಂಡದ ದಂಡೆಯ ಮೇಲೆ ಪ್ರಾಣಿಗಳೆಲ್ಲ ಅಕ್ಕಪಕ್ಕ ಮನೆ ಮಾಡಿಕೊಂಡಿದ್ದವು. ಆಗ ಅವೂ ನಮ್ಮ ಹಾಗೆಯೇ ಒಲೆ ಹಚ್ಚಿ, ಮುದ್ದೆ ಕಟ್ಟಿ, ಸಾರು ಕಾಯಿಸಿ ಉಣ್ಣುತ್ತಿದ್ದವು. ನಗಬೇಡಿ. ನನಗೆ ಅಕ್ಷರ ಬಾರದಿರಬಹುದು, ಕಣ್ಣಂತೂ ಇದೆ. ಆ ಒಲೆಗಳ ಮಸಿ ಬಂಡೆಗೆ ಅಂಟಿರುವುದನ್ನು ಕಣ್ಣಾರೆ ಕಂಡವನು ನಾನು.

ಅಲ್ಲಿ ಕರಡಿ ದೊಡ್ಡಯ್ಯ ಇದ್ದ. ಹೆಂಡತಿ ಕರಿಯಮ್ಮ. ತಿಮ್ಮಿ, ಚೆಂಗ ಎಂಬ ಎರಡು ಮರಿಗಳು. ದೊಡ್ಡಯ್ಯನಿಗೆ ಇದ್ದದ್ದು ಒಂದೇ ರೋಗ. ತಾನು ಹೇಳಿದ್ದೇ ಸರಿ ಎನ್ನುವ ರೋಗ.

ಒಮ್ಮೆ ಅವನು ಆಚೆ ದಂಡೆಗೆ ಹೋಗಿ, ಹಸಿ ತಿಂದರೇ ಬಲ ಎನ್ನುವ ಯಾವುದೋ ನವಿಲಿನ ಭಾಷಣ ಕೇಳಿ ಬಂದ. ಕೇಳಿದ್ದು ಅರ್ಧ, ಉಳಿದರ್ಧ ಗೊರಕೆ. ಬಂದವನೇ ಉರಿಯುವ ಒಲೆಗೆ ಒಂದು ಕೊಡ ನೀರು ಸುರಿದ.

"ಅಯ್ಯಯ್ಯೋ, ಹುರುಳಿ ಬೇಯುತ್ತಿತ್ತಲ್ಲ!" ಎಂದು ಕರಿಯಮ್ಮ ಕೂಗಿದಳು.

"ಇನ್ನು ಈ ಮನೆಯಲ್ಲಿ ಏನೂ ಬೇಯುವುದಿಲ್ಲ ಕಣೇ. ಹಿತ್ತಲಲ್ಲಿ ಬೆಳೆಯುವುದು, ಹಸಿಯಾಗಿಯೇ ತಿನ್ನುವುದು. ನೋಡುತ್ತಿರು, ನನ್ನ ಮಕ್ಕಳು ಆನೆಯ ಸೊಂಡಿಲು ಹಿಡಿದು ಗಿರ್ರನೆ ತಿರುಗಿಸಿ ಎಸೆಯುತ್ತಾರೆ."

"ಎಸೆಯಲಿ. ನೀವೇನು ತಿನ್ನುತ್ತೀರಿ?"

"ನಾನು ಜೇನು ತಿನ್ನುತ್ತೇನೆ. ಜೇನನ್ನು ಯಾರಾದರೂ ಬೇಯಿಸುತ್ತಾರೆಯೇ? ಅದೂ ಹಸಿಯದೇ!"

ಇರಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹಿತ್ತಲೇನೋ ಚೆನ್ನಾಗಿಯೇ ಬಂತು. ಮರಿಗಳು ಮಣ್ಣು ಕೆದಕಿ ಬೀಜ ಊರಿದವು, ಹೊಂಡದಿಂದ ಬಾಯಿತುಂಬ ನೀರು ತಂದು ಉಗುಳಿದವು. ಎಳೆ ಸೌತೆ, ಮೂಲಂಗಿ ಎಲ್ಲ ಬಂದವು. ಮರಿಗಳು ಕಟಕಟನೆ ಕಡಿದು ತಿಂದು ಕುಣಿದವು. ದೊಡ್ಡಯ್ಯ ಅಷ್ಟಕ್ಕೇ ನಿಂತಿದ್ದರೆ ನನಗೆ ಕತೆಯೂ ಇರುತ್ತಿರಲಿಲ್ಲ.

ಬೇಲಿಯ ಮೂಲೆಯಲ್ಲಿ ಒಂದು ಸೋರೆಬಳ್ಳಿ ತಾನಾಗಿಯೇ ಹುಟ್ಟಿಕೊಂಡಿತು. ಅದರಲ್ಲಿ ಬಿಟ್ಟ ಕಾಯಿಯನ್ನು ಏನೆಂದು ಹೇಳಲಿ! ಅದರ ನೆರಳಿನಲ್ಲಿ ಎಮ್ಮೆ ಮಲಗಬಹುದಿತ್ತು.

ಪಕ್ಕದ ಮನೆಯ ಕಾಡುಕೋಳಿ ಕೆಂಪಕ್ಕ ಬೇಲಿಯಿಂದ ಇಣುಕಿದಳು. "ದೊಡ್ಡಣ್ಣ, ಇದನ್ನು ನೀನು ಬಿತ್ತಿದ್ದೋ, ತಾನೇ ಹುಟ್ಟಿದ್ದೋ?"

"ನನ್ನ ಹಿತ್ತಲಲ್ಲಿ ಹುಟ್ಟಿತು ಎಂದರೆ ನಾನು ಬಿತ್ತಿದ ಹಾಗೆಯೇ."

"ತಾನಾಗಿ ಹುಟ್ಟಿದ ಸೋರೆ ಒಮ್ಮೊಮ್ಮೆ ವಿಷದಂಥ ಕಹಿ ಇರುತ್ತದಣ್ಣ. ಒಂದು ಚೂರು ನಾಲಿಗೆಗೆ ಇಟ್ಟು ನೋಡು, ಆಮೇಲೆ ಮಕ್ಕಳಿಗೆ ಕೊಡು. ಒಂದು ಕಾಳು ಸಿಕ್ಕರೂ ಮೊದಲು ನಾನು ಕುಕ್ಕಿ ನೋಡಿಯೇ ಪಿಳ್ಳೆಗಳನ್ನು ಕರೆಯುವುದು."

"ತಿಪ್ಪೆ ಕೆದಕುವವಳು ನನಗೆ ತೋಟ ಕಲಿಸುತ್ತೀಯಾ? ಇಡೀ ದಂಡೆಯ ಸೋರೆಗಳನ್ನು ಆ ಮುಳ್ಳುಹಂದಿ ಸೂಜಪ್ಪ ಕದ್ದು ತಿಂದ. ನನ್ನದನ್ನು ಮುಟ್ಟಿಲ್ಲ. ಒಂದು ಹುಳವಾದರೂ ಬಿದ್ದಿದೆಯೇ? ನನ್ನ ಹೆಸರು ಕೇಳಿದರೇ ಕಳ್ಳರು ನಡುಗುತ್ತಾರೆ!"

ಕೆಂಪಕ್ಕ ಕತ್ತು ಹಿಂದಕ್ಕೆ ಎಳೆದುಕೊಂಡು ಮನೆಗೆ ನಡೆದಳು. ಕೋಳಿಗೂ ಒಂದು ಮಾನ ಇರುತ್ತದೆ.

ದೊಡ್ಡಯ್ಯ ಸೋರೆ ಕೊಯ್ಯುವ ದಿನ ನೆರೆಹೊರೆಯನ್ನೆಲ್ಲ ಊಟಕ್ಕೆ ಕರೆದ. ಬಾಳೆಲೆ ಹಾಸಿ, ಕಾಯಿಯ ಮೇಲಿಂದ ಒಂದು ಹೋಳು ಕೊಯ್ದು, "ಮೊದಲು ನನ್ನ ಮಗ ತಿಂದು ತೋರಿಸುತ್ತಾನೆ" ಎಂದು ಚೆಂಗನನ್ನು ಎಲ್ಲರ ನಡುವೆ ನಿಲ್ಲಿಸಿದ.

ಚೆಂಗ ಒಂದು ತುತ್ತು ಕಡಿದು ಮುಖ ಸಿಂಡರಿಸಿದ. "ಅಪ್ಪಾ, ಕಹಿ."

"ಕಹಿಯಾದರೆ ಏನು? ಔಷಧಿ ಕಹಿಯೇ ಇರುತ್ತದೆ. ನುಂಗು."

"ನಾಲಿಗೆ ಉರಿಯುತ್ತಿದೆ ಅಪ್ಪಾ."

"ಜನ ನೋಡುತ್ತಿದ್ದಾರೆ, ನುಂಗೋ!"

ಚೆಂಗ ಕಣ್ಣೀರು ಸುರಿಸುತ್ತ ನುಂಗಿದ. ಬಾಳೆಲೆ ಬಾಡುವಷ್ಟು ಹೊತ್ತೂ ಆಗಲಿಲ್ಲ, ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿ ಮಾಡಿ ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಬಿದ್ದ. ಕರಿಯಮ್ಮ ಓಡಿ ಬಂದು ಮಗನನ್ನು ಎತ್ತಿಕೊಂಡಳು. ಕೆಂಪಕ್ಕ ಪಿಳ್ಳೆಗಳನ್ನು ರೆಕ್ಕೆಯಡಿ ಎಳೆದುಕೊಂಡಳು.

"ಹುಡುಗನಿಗೆ ದೃಷ್ಟಿ ತಾಗಿದೆ. ಕಾಯಿ ಅಮೃತ!" ಎಂದ ದೊಡ್ಡಯ್ಯ. ಆದರೆ ಅವನ ದನಿ ಕುಸಿದಿತ್ತು.

ಆಗ ಊಟಕ್ಕೆ ಬಂದು ಕೂತಿದ್ದ ಮುಳ್ಳುಹಂದಿ ಸೂಜಪ್ಪನಿಗೆ ತಡೆಯಲಾಗಲಿಲ್ಲ. "ಅಮೃತವಂತೆ! ಅಯ್ಯಾ, ಆ ಕಾಯಿಗೆ ನಾನು ಎಂದೋ ಕನ್ನ ಹಾಕಿದ್ದೆ. ಅಡಿಮೇಲು ಮಾಡಿ ನೋಡು, ನನ್ನ ಹಲ್ಲಿನ ಗುರುತಿದೆ. ಒಂದೇ ಕಡಿತಕ್ಕೆ ಉಗುಳಿ ಓಡಿದವನು ನಾನು. ನಿನ್ನ ಹೆಸರಿಗೆ ಯಾರು ಹೆದರಿದ್ದು? ಕಳ್ಳನೂ ಉಗುಳಿದ್ದನ್ನು ಹೆತ್ತ ಮಗನಿಗೆ ತಿನ್ನಿಸಿದೆಯಲ್ಲೋ!"

ಕಾಯಿ ತಿರುಗಿಸಿದರು. ಹಲ್ಲಿನ ಗುರುತು ಇತ್ತು.

"ಈಗ ನೀವು ತಿನ್ನಿ," ಎಂದಳು ಕರಿಯಮ್ಮ. ಅಷ್ಟೇ ಅಂದಳು. ಹೆಣ್ಣುಕರಡಿ ಮೆಲ್ಲಗೆ ಮಾತಾಡಿದರೆ ಹುಲಿಯೂ ದಾರಿ ಬಿಡುತ್ತದೆ.

ದೊಡ್ಡಯ್ಯ ಎದೆ ಸೆಟೆಸಿ ದೊಡ್ಡದೊಂದು ತುತ್ತು ಕಡಿದ. ಕಡಿದದ್ದೇ ತಡ, ಅವನ ಮೈಮೇಲಿನ ಕೂದಲೆಲ್ಲ ನೆಟ್ಟಗೆ ನಿಂತು ಸೂಜಪ್ಪನಿಗೇ ಅಣ್ಣನಂತಾದ. ಉಗುಳುತ್ತ ಓಡಿ ಹೊಂಡಕ್ಕೆ ಮೂತಿ ಇಟ್ಟ. ಅವನು ಕುಡಿದ ರಭಸಕ್ಕೆ ದಂಡೆಯ ಬದಿಯ ನೀರು ಬತ್ತಿ ಮೀನುಗಳು ಕೆಸರಿನಲ್ಲಿ ನಡೆದುಕೊಂಡು ಹೋದವು. ನಾನು ಎಣಿಸಲಿಲ್ಲ, ಆದರೆ ಸಾಲಾಗಿ ಹೋದವು.

ದೊಡ್ಡಯ್ಯನ ಮನೆಯಲ್ಲಿ ಒಲೆಯೇ ಉರಿಯುತ್ತಿರಲಿಲ್ಲ. ಕೆಂಪಕ್ಕನೇ ತನ್ನ ಒಲೆಯಲ್ಲಿ ಗಂಜಿ ಕಾಯಿಸಿ ತಂದಳು. ಕರಿಯಮ್ಮ ಹನಿಹನಿಯಾಗಿ ಮಗನ ತುಟಿಗೆ ಬಿಟ್ಟಳು. ಊಟಕ್ಕೆ ಬಂದ ನೆರೆಯವರು ಯಾರೂ ಎದ್ದು ಹೋಗಲಿಲ್ಲ. ಹೊತ್ತು ಇಳಿಯುವಾಗ ಚೆಂಗ ಕಣ್ಣು ಬಿಟ್ಟ.

ದೊಡ್ಡಯ್ಯನಿಗೆ ಹೋದ ಜೀವ ಬಂದಂತಾಯಿತು. ಹಿತ್ತಲಿಗೆ ಓಡಿ ಬಲು ಎಳೆಯದೊಂದು ಸೌತೆಕಾಯಿ ಕಿತ್ತು ತಂದ. "ಇದು ಸಿಹಿ ಕಣೋ ಮಗನೇ, ನೀನೇ ಬೀಜ ಊರಿದ್ದು. ಒಂದು ತುತ್ತು ತಿನ್ನಪ್ಪ."

ಚೆಂಗ ಬಾಯಿ ಬಿಗಿದುಕೊಂಡ. ಪುಟ್ಟ ಪಂಜಾದಿಂದ ಅಪ್ಪನ ಕೈಯನ್ನು ಅಪ್ಪನ ಬಾಯಿಯ ಕಡೆಗೇ ತಳ್ಳಿದ. ದೊಡ್ಡಯ್ಯ ಕಡಿದ, ಅಗಿದ, ನುಂಗಿದ. ಚೆಂಗ ಅವನ ಮುಖವನ್ನೇ ನೋಡಿದ. ಬಾಯಿ ತೆರೆಯಲಿಲ್ಲ. ದೊಡ್ಡಯ್ಯ ಇನ್ನೊಂದು ತುತ್ತು ಕಡಿದ. ಸೌತೆಕಾಯಿ ಪೂರ್ತಿ ಮುಗಿಯಿತು. ಮಗ ನೋಡುತ್ತಲೇ ಇದ್ದ.

ನೀತಿ: ಮಕ್ಕಳ ಬಾಯಿಗೆ ಇಡುವುದನ್ನು ಮೊದಲು ನಿನ್ನ ಬಾಯಿಗೆ ಇಟ್ಟು ನೋಡು, ರುಚಿ ನೋಡದೆ ಉಪದೇಶ ಮಾಡಿದವನನ್ನು ಹೆತ್ತ ಮಗುವೂ ನಂಬುವುದಿಲ್ಲ.