ಹನ್ನೊಂದು ವರ್ಷದ ರಜೆ

“ಗುರುಗಳೇ, ಹಳೆಯದನ್ನು ತೆಗೆದು ಹೊಸದನ್ನು ತರುವಾಗ ಅರ್ಥವಾಗದ್ದನ್ನು ಬಿಟ್ಟುಬಿಟ್ಟರೆ ತಪ್ಪೇ?” ಎಂದು ಶಿಷ್ಯ ಚನ್ನವೀರ ಕೇಳಿದ.

ಮಠದ ಹಳೆಯ ಪುಸ್ತಕಗಳನ್ನೆಲ್ಲ ಅವನು ಕಂಪ್ಯೂಟರಿಗೆ ಏರಿಸುತ್ತಿದ್ದ. ಮೂರು ತಿಂಗಳ ಕೆಲಸ ಮುಗಿಯುತ್ತ ಬಂದಿತ್ತು. ಉಳಿದದ್ದು ಒಂದೇ ತೊಡಕು. ಮಠದಲ್ಲಿ ಊಟಕ್ಕೆ ಕೂರುವವರು ಮೂವತ್ತೊಂದು ಜನ. ಅಡುಗೆಯ ನೀಲವ್ವ ದಿನವೂ ಹಾಕಿಸುವ ಎಲೆ ಮೂವತ್ತೆರಡು. ಕೊನೆಯ ಎಲೆಯ ಮುಂದೆ ಪುಸ್ತಕದಲ್ಲಿ ಯಾರ ಹೆಸರೂ ಇರಲಿಲ್ಲ. ಕಂಪ್ಯೂಟರು ಹೆಸರು ಕೇಳುತ್ತಿತ್ತು. ಹೆಸರಿಲ್ಲದೆ ಮುಂದೆ ಹೋಗಲು ಒಪ್ಪುತ್ತಿರಲಿಲ್ಲ.

“ಆ ಒಂದು ಎಲೆ ತೆಗೆದುಹಾಕಿದರೆ ಎಲ್ಲವೂ ಸರಿಹೋಗುತ್ತದೆ. ನೀಲವ್ವ ವಯಸ್ಸಾದವರು, ಎಣಿಕೆ ತಪ್ಪಿರಬೇಕು,” ಎಂದ.

ಗುರುಗಳು ನಕ್ಕರು. “ಸರಿಮಾಡುವ ಆತುರ ನಿನಗೆ ಬಹಳ. ಕೂತುಕೋ,” ಎಂದು ಕತೆ ಶುರುಮಾಡಿದರು.

ಹಲವು ದೇಶಗಳು ಸೇರಿ ಕಟ್ಟಿಕೊಂಡ ಒಂದು ಸಂಸ್ಥೆ ಇತ್ತು. ಯುದ್ಧ ನಡೆಯುವ ಊರುಗಳಿಗೆ ಅಕ್ಕಿ, ಔಷಧಿ ಮುಟ್ಟಿಸುವುದು ಅದರ ಕೆಲಸ. ಅದರ ಸಾವಿರಾರು ನೌಕರರಲ್ಲಿ ಯಾರು ಎಲ್ಲಿದ್ದಾರೆ, ಯಾರು ರಜೆಯಲ್ಲಿದ್ದಾರೆ ಎಂಬುದನ್ನೆಲ್ಲ ಒಂದು ತಂತ್ರಾಂಶ ನೋಡಿಕೊಳ್ಳುತ್ತಿತ್ತು. ಅದಕ್ಕೆ ಮೂವತ್ತು ವರ್ಷ ತುಂಬಿತ್ತು. ಒಂದು ಹೆಸರು ಕೇಳಿದರೆ ತಡಕಾಡಿ ತಡಕಾಡಿ ಕೊಡುತ್ತಿತ್ತು. ಕೆಲವು ದಿನ ಮಧ್ಯಾಹ್ನದ ಮೇಲೆ ಮಲಗಿಯೇ ಬಿಡುತ್ತಿತ್ತು. ಅದನ್ನು ಬದಲಿಸಲು ಒಬ್ಬ ಅಧಿಕಾರಿಯನ್ನು ನೇಮಿಸಿದರು.

ಅಧಿಕಾರಿ ಪ್ರಾಮಾಣಿಕ, ದುಡಿಮೆಗಾರ. ಊಟ, ನಿದ್ದೆ ಬಿಟ್ಟು ಒಂದು ವರ್ಷ ದುಡಿದ. ಒಂದೊಂದು ಹೆಸರನ್ನೂ ತಾನೇ ನೋಡಿ ಹಳೆಯದರಿಂದ ಹೊಸದಕ್ಕೆ ದಾಟಿಸಿದ. ಕೊನೆಗೆ ಒಂದು ಹೆಸರು ಮಾತ್ರ ದಾಟಲಿಲ್ಲ. ಅದು ಒಬ್ಬ ಲಾರಿ ಚಾಲಕನ ಹೆಸರು.

ಆ ಚಾಲಕ ರಜೆಯ ಮೇಲೆ ಹೋಗಿ ಹನ್ನೊಂದು ವರ್ಷವಾಗಿತ್ತು!

ಅಧಿಕಾರಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಪ್ರತಿ ತಿಂಗಳ ಒಂದನೆಯ ತಾರೀಖು ಆ ಹೆಸರಿನಲ್ಲಿ ಒಂದು ರಜೆ ಅರ್ಜಿ. ಹನ್ನೊಂದು ವರ್ಷದಲ್ಲಿ ಒಂದು ತಿಂಗಳೂ ತಪ್ಪಿರಲಿಲ್ಲ. ಎಲ್ಲವನ್ನೂ ಬರೆದವನು ಒಬ್ಬನೇ ಗುಮಾಸ್ತ. ಅವನು ಅದೇ ಕಟ್ಟಡದ ಕೆಳಮಹಡಿಯಲ್ಲಿ ಕೂರುತ್ತಿದ್ದ. ನಡುವೆ ಇದ್ದದ್ದು ಇಪ್ಪತ್ತೆರಡು ಮೆಟ್ಟಿಲು.

ಅಧಿಕಾರಿಗೆ ನಗು ಬಂತು. ಮುದುಕ ಅಭ್ಯಾಸಬಲದಿಂದ ಗುಂಡಿ ಒತ್ತುತ್ತಿದ್ದಾನೆ, ಪಾಪ, ಎಂದುಕೊಂಡ. ಹೊಸ ತಂತ್ರಾಂಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚಿನ ರಜೆಗೆ ಜಾಗವಿರಲಿಲ್ಲ. ನೌಕರ ಕೆಲಸದಲ್ಲಿದ್ದಾನೋ, ರಜೆಯಲ್ಲಿದ್ದಾನೋ, ಬಿಟ್ಟುಹೋದನೋ, ತೀರಿಕೊಂಡನೋ ಎಂದು ಅದು ಕೇಳುತ್ತಿತ್ತು. ಇಷ್ಟು ವರ್ಷ ಬಾರದವನು ಬಿಟ್ಟುಹೋದವನೇ ತಾನೇ? ಅಧಿಕಾರಿ ಹಾಗೆಂದೇ ಒತ್ತಿದ. ಹೆಸರು ಪಟ್ಟಿಯಿಂದ ಹೊರಗೆ ಹೋಯಿತು.

ತಿಂಗಳ ಎಂಟನೆಯ ತಾರೀಖು ಹಳೆಯ ತಂತ್ರಾಂಶವನ್ನು ನಿಲ್ಲಿಸಿದರು. ಹೊಸದು ಶುರುವಾಯಿತು. ಅಧಿಕಾರಿಗೆ ಹಾರ ಹಾಕಿದರು.

ಹದಿನೇಳನೆಯ ತಾರೀಖು ಬೆಳಿಗ್ಗೆ ಯುದ್ಧದ ನಾಡಿನಿಂದ ಸುದ್ದಿ ಬಂತು. ಅಲ್ಲಿನ ಬಂಡುಕೋರರು ಸೆರೆಯಾಳುಗಳನ್ನು ಬಿಡಲು ಒಪ್ಪಿದ್ದರು. ನಿಮ್ಮ ನೌಕರರ ಪಟ್ಟಿ ಕಳಿಸಿ, ಪಟ್ಟಿಯಲ್ಲಿ ಹೆಸರಿದ್ದವರನ್ನು ಬಿಡುತ್ತೇವೆ, ಸಂಜೆ ಗಡಿಯ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದಿಲ್ಲ ಎಂದು ತಿಳಿಸಿದ್ದರು. ಹಳೆಯ ತಂತ್ರಾಂಶವಾಗಿದ್ದರೆ ಪಟ್ಟಿ ತೆಗೆಯಲು ಅರ್ಧ ದಿನ ಹಿಡಿಯುತ್ತಿತ್ತು. ಹೊಸದು ಕಣ್ಣು ಮಿಟುಕಿಸುವಷ್ಟರಲ್ಲಿ ಕೊಟ್ಟಿತು. ಅಧಿಕಾರಿ ಕಳಿಸಿಯೇ ಬಿಟ್ಟ. ಅವನಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು.

ಸಂಜೆ, ಎರಡು ವಾರದ ಹಿಂದಷ್ಟೇ ಸೆರೆಸಿಕ್ಕಿದ್ದ ಐವರು ನೌಕರರು ಗಡಿ ದಾಟಿ ಬಂದರು. ಗಡಿಯಿಂದಲೇ ಕಚೇರಿಗೆ ಫೋನ್ ಮಾಡಿದರು. ಸಂತೋಷದ ಮಾತುಗಳೆಲ್ಲ ಆದ ಮೇಲೆ ಅವರಲ್ಲಿ ಒಬ್ಬ ದನಿ ತಗ್ಗಿಸಿ ಹೇಳಿದ: “ಸರ್, ನಮ್ಮ ಜೊತೆ ಇನ್ನೊಬ್ಬರಿದ್ದರು. ಗಡ್ಡವೆಲ್ಲ ಬೆಳ್ಳಗಾಗಿತ್ತು. ನಾನು ಈ ಸಂಸ್ಥೆಯ ಲಾರಿ ಓಡಿಸುತ್ತಿದ್ದವನು, ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ ಅಂದರು. ಬಾಗಿಲಿನವರೆಗೂ ನಮ್ಮ ಜೊತೆಯೇ ನಡೆದು ಬಂದರು. ಕಾವಲಿನವನು ಪಟ್ಟಿಯನ್ನು ಎರಡು ಸಲ ಓದಿದ. ನಿನ್ನ ಹೆಸರು ಇಲ್ಲ, ನಿನ್ನವರೇ ನಿನ್ನನ್ನು ಬಿಟ್ಟಿದ್ದಾರೆ ಅಂದ. ವಾಪಸ್ ಕರೆದುಕೊಂಡು ಹೋದರು.”

ಫೋನು ಕೈಯಿಂದ ಜಾರಿದ್ದೂ ಅಧಿಕಾರಿಗೆ ಗೊತ್ತಾಗಲಿಲ್ಲ. ಇಪ್ಪತ್ತೆರಡು ಮೆಟ್ಟಿಲನ್ನು ಅವನು ಹೇಗೆ ಇಳಿದನೋ ದೇವರೇ ಬಲ್ಲ. ಗುಮಾಸ್ತನ ಮೇಜು ಹಿಡಿದು ನಿಂತು, ಚಾಲಕನ ಹೆಸರು ಹೇಳಿ, “ಯಾಕೆ? ಅವನಿಗೆ ಯಾಕೆ ರಜೆ ಬರೆಯುತ್ತಿದ್ದಿರಿ?” ಎಂದು ಕೂಗಿದ.

ಗುಮಾಸ್ತ ಗಾಬರಿಯಿಂದ ಎದ್ದು ನಿಂತ. “ಅವನನ್ನು ಬಂಡುಕೋರರು ಲಾರಿ ಸಮೇತ ಹಿಡಿದುಕೊಂಡು ಹೋದರು ಸಾರ್. ಬದುಕಿದ್ದಾನೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಕಾಣೆಯಾದವರಿಗೆ ಹಳೆಯದರಲ್ಲೂ ಜಾಗ ಇರಲಿಲ್ಲ. ಒಂದು ತಿಂಗಳು ಲೆಕ್ಕಕ್ಕೆ ಸಿಗದಿದ್ದರೆ ಅದು ತಾನಾಗಿಯೇ ಹೆಸರು ಕಿತ್ತು ಹಾಕುತ್ತಿತ್ತು. ಅದಕ್ಕೆ ರಜೆ ಅಂತ ಬರೆಯುತ್ತಿದ್ದೆ. ಅವನ ಹೆಂಡತಿ ಪ್ರತಿ ಒಂದನೆಯ ತಾರೀಖು ಫೋನ್ ಮಾಡುತ್ತಾಳೆ. ಹೆಸರು ಇದೆಯಾ ಅಣ್ಣ ಅಂತ ಕೇಳುತ್ತಾಳೆ. ಇದೆ ತಾಯಿ ಅನ್ನುತ್ತೇನೆ. ಫೋನ್ ಇಟ್ಟುಬಿಡುತ್ತಾಳೆ. ಅಷ್ಟೇ ಸಾರ್.”

ಅಧಿಕಾರಿ ಮತ್ತೆ ಮೇಲಕ್ಕೆ ಓಡಿದ. ಹೆಸರು ಸೇರಿಸಿ ಪಟ್ಟಿ ಕಳಿಸಿದ. ಇಪ್ಪತ್ತು ಸಲ ಕಳಿಸಿದ. ಕೈಮುಗಿದು ಬೇಡಿಕೊಂಡು ಪತ್ರ ಬರೆದ. ಗಡಿಯ ಬಾಗಿಲು ಮುಚ್ಚಿತ್ತು. ಆ ಕಡೆಯಿಂದ ಒಂದು ಉತ್ತರವೂ ಬರಲಿಲ್ಲ.

ತಿಂಗಳು ಮುಗಿಯಿತು. ಒಂದನೆಯ ತಾರೀಖು ಅಧಿಕಾರಿ ಬೆಳಿಗ್ಗೆಯೇ ಬಂದು ಗುಮಾಸ್ತನ ಎದುರು ಕೂತ. ಫೋನು ಬಡಿದುಕೊಂಡಿತು. ಗುಮಾಸ್ತ ಅದನ್ನು ಎತ್ತಿ ಅಧಿಕಾರಿಯ ಕೈಗೆ ಕೊಟ್ಟ.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಚನ್ನವೀರನಿಗೆ ಸಿಟ್ಟು ಏರಿತು. “ಎಂಥ ಮನುಷ್ಯ ಅವನು! ಕೆಳಗೇ ಕೂತಿದ್ದವರನ್ನು ಒಂದು ಮಾತು ಕೇಳಬಾರದಿತ್ತೇ? ಇಪ್ಪತ್ತೆರಡು ಮೆಟ್ಟಿಲು ಇಳಿಯುವುದಕ್ಕೆ ಅವನಿಗೇನು ಕಾಲು ಸವೆಯುತ್ತಿತ್ತೇ?”

ಗುರುಗಳು ಅವನನ್ನೇ ನೋಡಿದರು.

“ಇಲ್ಲಿಂದ ನೀಲವ್ವನ ಅಡುಗೆಮನೆಗೆ ಎಷ್ಟು ಮೆಟ್ಟಿಲಪ್ಪಾ?” ಎಂದರು.

ಚನ್ನವೀರ ಎದ್ದು ಅಡುಗೆಮನೆಯ ಕಡೆ ನಡೆದ.