ಸ್ವಾಮಿಗಳು ಕೇಳಿದ ಪಾಲು

ಕಡವಿನಕೋಡಿಯಲ್ಲಿ ನದಿ ಕಡಲು ಸೇರುವ ಅಳಿವೆಯ ಬಳಿ, ಮಗುಚಿ ಹಾಕಿದ ಹಳೆಯ ದೋಣಿಯೊಂದರ ಅಡಿಯಲ್ಲಿ ಪೂಜ್ಯ ಸೈಕತಾನಂದ ಅವಧೂತರು ವಾಸವಾಗಿದ್ದರು. ಬಲೆಯ ಹಗ್ಗ ಎಳೆದವರಿಗೆಲ್ಲ ಒಂದೊಂದು ಪಾಲು, ಗುರುಗಳಿಗೂ ಒಂದು ಪಾಲು ಎಂಬುದು ಆ ಊರಿನ ಕಟ್ಟಳೆ. ಅವರು ಒಮ್ಮೆಯೂ ಅದನ್ನು ಮುಟ್ಟಿದವರಲ್ಲ. "ಇರಲಿ, ಮಕ್ಕಳಿಗೆ ಹಾಕಿ" ಎನ್ನುತ್ತಿದ್ದರು.

ಆಮೇಲೆ ಮೀನೇ ಇಲ್ಲದ ಕಾಲ ಬಂತು. ಹೊರಗಿನ ದೊಡ್ಡ ಬೋಟುಗಳು ಕಡಲು ಬಾಚಿದವು, ನಿಜ. ಆದರೆ ನಮ್ಮವರೇನು ಸಾಚಾಗಳೇ? ಮಳೆಗಾಲದಲ್ಲಿ ಮೀನು ಮೊಟ್ಟೆಯಿಡಲು ಹತ್ತಿ ಬರುವ ಮಡುವೊಂದನ್ನು ಹಿರಿಯರು ಕೈಹಾಕದೆ ಉಳಿಸಿದ್ದರು. ಅಲ್ಲಿಗೇ ಸಣ್ಣಕಣ್ಣಿನ ಬಲೆ ಬಿಟ್ಟರು. ಹಸಿದ ಹೊಟ್ಟೆ ಕೇಳಬೇಕಲ್ಲ!

ಒಂದು ಆಷಾಢದ ಮುಂಜಾನೆ ಜಟ್ಟಿ ಹರಿಕಂತ್ರನಿಗೆ ಆ ಮಡುವಿನಲ್ಲಿ ಸಿಕ್ಕಿದ್ದು ಒಂದೇ ಮೀನು. ಮೊಟ್ಟೆ ತುಂಬಿದ ಬಸುರಿ ಮೀನು, ಕೊಡದ ನೀರಿನಲ್ಲಿ ಇನ್ನೂ ಒದ್ದಾಡುತ್ತಿತ್ತು. ಮನೆಯಲ್ಲಿ ಮಗಳು ಪಾರು ಉಪವಾಸ. ದಡದಲ್ಲಿ ಅವಧೂತರನ್ನು ಕಂಡದ್ದೇ ಅವನ ಸಂಕಟ ಕಟ್ಟೆಯೊಡೆಯಿತು.

"ನಿಮ್ಮ ದೇವ್ರಿಗೆ ಕಣ್ಣುಂಟಾ ಸ್ವಾಮಿ? ಇಡೀ ಹೊಳೆ ಜಾಲಾಡಿದ್ರೆ ಇದೊಂದು!"

ಅವಧೂತರು ಕೈ ಚಾಚಿದರು. "ಇವತ್ತು ನನ್ನ ಪಾಲು ಬೇಕು, ಜಟ್ಟಿ."

ಒಂದೇ ಮೀನಿನಲ್ಲಿ ಎಂಥ ಪಾಲು? ಆದರೂ ಕಟ್ಟಳೆ ಮೀರಲು ಧೈರ್ಯ ಬರಲಿಲ್ಲ, ಕೊಟ್ಟ. ಅವರು ನೀರಿಗಿಳಿದು ಮೀನನ್ನು ಮಡುವಿಗೆ ಬಿಟ್ಟುಬಿಟ್ಟರು.

"ಅಯ್ಯೋ! ನನ್ನ ಮಗಳ ಅನ್ನ ಅದು!" ಎಂದು ಜಟ್ಟಿ ಎದೆ ಬಡಿದುಕೊಂಡ.

ಅವಧೂತರ ಕಣ್ಣುಗಳೂ ತುಂಬಿದ್ದವು. ದೋಣಿಯಡಿಯಿಂದ ತಮ್ಮ ಗಂಜಿಯ ಗಡಿಗೆಯನ್ನು ತಂದು ಅವನ ಕೈಗಿಟ್ಟು, "ಇನ್ನು ಈ ಮಡುವೇ ನನ್ನ ಪಾಲು" ಎಂದರು.

ಪಾರು ಗಂಜಿ ಕುಡಿದಳು. ಮರುದಿನ ಜಟ್ಟಿ ಗಡಿಗೆ ಮರಳಿಸಲು ಹೋದಾಗ ಅವಧೂತರು ಸುರಿವ ಮಳೆಯಲ್ಲಿ ಮಡುವಿನ ದಡದಲ್ಲಿ ಕುಳಿತಿದ್ದರು. ದೋಣಿಯಡಿಯಲ್ಲಿ ಒಂದು ಅಕ್ಕಿಕಾಳೂ ಇರಲಿಲ್ಲ. ಜಟ್ಟಿ ಖಾಲಿ ಗಡಿಗೆಯನ್ನು ಅಲ್ಲೇ ಇಟ್ಟು ನಾಚಿಕೆಯಿಂದ ಹಿಂದಿರುಗಿದ.

ಪವಾಡ ಕೇಳಲು ಕುಳಿತವರು ಕ್ಷಮಿಸಬೇಕು. ಶ್ರಾವಣ ಕಾಣುವ ಮೊದಲೇ ಅವಧೂತರು ಆ ದಡದಲ್ಲೇ ದೇಹ ಬಿಟ್ಟರು. ಆ ವರ್ಷ ಮೀನು ಬರಲಿಲ್ಲ, ಮರುವರ್ಷವೂ ಇಲ್ಲ. ಅವಧೂತರಿಗಾಗಿ ಅತ್ತ ಊರೇ ಮತ್ತೆ ಬಲೆ ಹೆಗಲೇರಿಸಿ ಮಡುವಿಗೆ ಬಂತು. ಜಟ್ಟಿ ದೋಣಿಯ ಹುಟ್ಟನ್ನು ಅಡ್ಡ ಹಿಡಿದು ನಿಂತ.

"ಖಾಲಿ ನೀರು ಕಾಯ್ತೀಯಲ್ಲೋ ಮಳ್ಳಾ, ಎಂತ ಉಂಟು ಅದ್ರಲ್ಲಿ?" ಎಂದು ಅವನ ಸ್ವಂತ ಅಣ್ಣನೇ ಗದರಿದ.

"ಎಂತದೂ ಇಲ್ಲ." ಜಟ್ಟಿ ಹುಟ್ಟನ್ನು ಇಳಿಸಲಿಲ್ಲ. "ಆದ್ರೂ ಅದು ಸ್ವಾಮಿಗಳ ಪಾಲು. ಅವ್ರು ನಮ್ಮ ಹತ್ರ ಕೇಳಿದ್ದು ಅದೊಂದೇ."

ಅಣ್ಣ ಬಲೆ ಕೆಳಗಿಟ್ಟು ತಮ್ಮನ ಪಕ್ಕಕ್ಕೆ ಬಂದು ನಿಂತ. ಆ ದಿನ ಮಡುವಿಗೆ ಬಲೆ ಬೀಳಲಿಲ್ಲ, ಇಬ್ಬರ ಮನೆಯಲ್ಲೂ ಒಲೆ ಹೊತ್ತಲಿಲ್ಲ.