ಪೂರ್ವದ ಬಾಗಿಲಿನ ಕ್ಯಾಬಿನ್

ಬನ್ರಪ್ಪ, ಹತ್ರ ಕೂತ್ಕಳಿ. ಮಳವಳ್ಳೀಲಿ ಒಂದು ವಠಾರ, ವಠಾರದಲ್ಲಿ ಚಿಕ್ಕತಾಯಮ್ಮ, ಅವಳಿಗೊಬ್ಬ ಮಗ ಪುಟ್ಮಾದ. ಆಳು ಆರಡಿ, ಬುದ್ಧಿ ಇನ್ನೂ ಬಸ್ಸು ಹತ್ತಿಲ್ಲ. ಹೇಳಿದ್ದು ಹೇಳಿದಂಗೇ ಮಾಡ್ತಾನೆ. ಅದೇ ಅವನ ರೋಗ.

ಸೀರೆ ಅಂಗಡಿ ಲಕ್ಕಿ ಡ್ರಾದಲ್ಲಿ ಚಿಕ್ಕತಾಯಮ್ಮಂಗೆ ಹಡಗಿನ ಟೂರ್ ಹೊಡೀತು. ಅವಳ ಆಸೆ ಒಂದೇ. ವಠಾರದಲ್ಲಿ ಬಾಗಿಲು ಹಾಕೋ ಹಂಗಿಲ್ಲ, ಸಕ್ಕರೆ ಕೊಡು, ಹೆಪ್ಪು ಕೊಡು ಅಂತ ಯಾರಾದ್ರೂ ನುಗ್ತಾರೆ. ಒಂದೇ ಒಂದು ಸಲ ಬಾಗಿಲು ಹಾಕ್ಕೊಂಡು ಸುಮ್ನೆ ಸಮುದ್ರ ನೋಡ್ಬೇಕು.

ಮುಂಬೈ ಬಂದರಲ್ಲಿ ಗೊತ್ತಾಯ್ತು, ಮೊದಲು ಹೋದೋರಿಗೆ ಬೇಕಾದ ಕ್ಯಾಬಿನ್. ಅವ್ವಂಗೆ ಮಂಡಿನೋವು.

"ಓಡೋ ಮಗ. ಎಲ್ಲಕ್ಕಿಂತ ದೊಡ್ಡ ಕಿಟಕಿ ಇರೋ ರೂಮು ನೋಡಿ ಟವೆಲ್ ಹಾಕ್ಬಾ. ಬಸ್ಸಲ್ಲಿ ಸೀಟಿಗೆ ಹಾಕ್ತೀಯಲ್ಲ, ಹಂಗೆ."

ಓಡ್ದ, ಓಡ್ದ, ತುದೀವರೆಗೂ ಹತ್ತಿದ. ಗೋಡೆ ತುಂಬ ಕಿಟಕಿ ಇರೋ ರೂಮು ಸಿಕ್ತು. ಬೀಸ್ದ ಟವೆಲ್ಲು. ಅದು ಹೋಗಿ ಹಡಗು ಓಡಿಸೋ ಕ್ಯಾಪ್ಟನ್ ತಲೆ ಮೇಲೆ ಬಿತ್ತು. ಹಡಗಿನ ಆಳುಗಳಿಬ್ಬರು ಕತ್ತು ಹಿಡಿದು ಕೆಳಗೆ ಅವ್ವನ ಹತ್ರ ತಂದ್ಬಿಟ್ರು.

"ಲೋ ಕತ್ತೆ, ಜನ ಇರೋ ಕಡೆ ಹಾಕ್ತಾರೇನೋ? ಯಾರೂ ಇಲ್ದಿರೋ ಜಾಗ ನೋಡು."

"ಅದನ್ನ ಮೊದಲೇ ಹೇಳೋದಲ್ವಾ?"

ಓಡ್ದ, ಓಡ್ದ. ಎಲ್ಲಿ ನೋಡಿದ್ರೂ ಜನ. ಪಕ್ಕದಲ್ಲಿ ನೇತಾಡ್ತಿದ್ದ ಲೈಫ್ ಬೋಟಲ್ಲಿ ಮಾತ್ರ ನರಪಿಳ್ಳೆ ಇಲ್ಲ. ಟವೆಲ್ ಹಾಸಿ, ಒಂದ್ಸಲ ಮಲಗೂ ನೋಡಿ ಬಂದ.

"ಅವ್ವ, ಸಿಕ್ತು. ಉಯ್ಯಾಲೆ ಬೇರೆ ಫ್ರೀ."

"ನಿನ್ ಬುದ್ಧಿಗೆ ಬೆಂಕಿ ಹಾಕ. ಬಾಗಿಲಿಲ್ದಿದ್ದು ರೂಮೇನೋ? ಬಾಗಿಲಿರ್ಬೇಕು, ಅದೂ ಪೂರ್ವಕ್ಕಿರ್ಬೇಕು. ಒಂಚೂರು ಆಚೀಚೆ ಆದ್ರೂ ನಾನಿರಲ್ಲ ನೋಡು."

ಓಡ್ದ, ಓಡ್ದ. ಈ ಸಲ ಬಂಪರ್ರು! ಖಾಲಿ ಕ್ಯಾಬಿನ್ನು, ಅಗಲ ಕಿಟಕಿ, ಕಿಟಕೀಲಿ ಇಳಿಯೋ ಸೂರ್ಯ. ಅಂದ್ಮೇಲೆ ಎದುರಿನ ಬಾಗಿಲು ಪೂರ್ವ.

ಚಿಕ್ಕತಾಯಮ್ಮ ಬಂದ್ಲು, ಚಿಲಕ ಹಾಕಿದ್ಲು, ತೆಗೆದ್ಲು, ಮತ್ತೆ ಹಾಕಿದ್ಲು. ಕಿಟಕಿ ಮುಂದೆ ಕುರ್ಚಿ ಎಳ್ಕೊಂಡು ಕೂತ್ಲು.

"ನಿಂಗೂ ಬುದ್ಧಿ ಐತೆ ಕಣೋ ಮಾದ. ಮೂಲೇಲಿ ಉಸಿರೆತ್ದೆ ಕೂತ್ಕ."

ಹಡಗು ಹೊರಟಿತು. ಹೊರಟಿದ್ದೇ ತಿರುಗ್ತು. ಕಿಟಕೀಲಿದ್ದ ಸೂರ್ಯ ಮೆಲ್ಲಗೆ ಜಾರಿ ಮಾಯ. ಮಾದ ತಿರುಗಿ ಬಾಗಿಲು ನೋಡ್ದ. ಪೂರ್ವ ತಪ್ತು, ಇನ್ನು ಅವ್ವ ಇರಲ್ಲ! ಉಸಿರೆತ್ದೆ, ಚಮಚದ ತುದೀಲಿ ಒಂದೊಂದೇ ಸ್ಕ್ರೂ ಬಿಚ್ದ.

ಚಿಕ್ಕತಾಯಮ್ಮನ ಬೆನ್ನಿಗೆ ಗಾಳಿ ಬಡೀತು. ತಿರುಗಿದ್ರೆ ಹಿಂದೆ ಬಯಲು, ಬಯಲಲ್ಲಿ ಹತ್ತಾರು ಮುಖ.

"ಇಲ್ಲಿಂದ ಚೆನ್ನಾಗಿ ಕಾಣುತ್ತೆ ಬನ್ನಿ," ಅಂತ ಯಾರೋ ಒಳಗೇ ನುಗ್ಗಿದ್ರು.

"ಲೋ ಮಾದ, ಬಾಗಿಲೆಲ್ಲೋ?"

ಹೊರಗೆ ದೂರದ ಮೂಲೇಲಿ, ಬಿಚ್ಚಿದ ಬಾಗಿಲು ತಬ್ಕೊಂಡು, ಹಡಗು ತಿರುಗಿದಂಗೆಲ್ಲ ತಾನೂ ತಿರುಗ್ತಾ ನಿಂತಿದ್ದ ಮಾದ ಕೂಗಿದ:

"ಪೂರ್ವಕ್ಕೇ ಹಿಡ್ಕಂಡಿವ್ನಿ ಕಣವ್ವ, ನೀನು ಹಾಯಾಗಿ ಕೂತ್ಕ."